ಎಂಟು ಮೀಟರಿಗೆ ಮೂರೇ ಪರದೆ

ರೀ,

ಡ್ಯೂಟಿಗೆ ಹೊರಟೆ. ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ.

ಮಗಳ ಲೆಕ್ಕ ತಪ್ಪು ಅಂತ ಮಿಸ್ಸು ಕೆಂಪು ಗೀಟು ಎಳೆದಿದ್ದಾರೆ. ಎಂಟು ಮೀಟರ್ ಬಟ್ಟೆಯಲ್ಲಿ ಎರಡೆರಡು ಮೀಟರಿನ ಪರದೆ ನಾಲ್ಕು ಆಗುತ್ತಂತೆ. ನೀವು ಟೈಲರ್ ಗತ್ತಿನಲ್ಲಿ, "ಅಂಚು ಮಡಚೋಕೆ ಬಟ್ಟೆ ಬೇಡ್ವಾ?" ಅಂತ ಮೂರು ಬರೆಸಿದ್ರಿ. ಮಿಕ್ಕಿದ್ದರಲ್ಲಿ ದಿಂಬಿನ ಕವರ್ ಆಗುತ್ತೆ ಅಂತ ಬೇರೆ!

ಅಂಗಡಿಯಲ್ಲಿ ನೀವು ಹೇಳಿದ್ದೇ ಸರಿ. ಸ್ಕೂಲಲ್ಲಿ ನಡೆಯಲ್ಲ.

ಅವಳು ಮೊದಲು ನಾಲ್ಕು ಅಂತಲೇ ಬರೆದಿದ್ದಳಂತೆ. "ಅಪ್ಪ ಅಷ್ಟು ಖುಷಿಯಾಗಿ ಹೇಳಿಕೊಡ್ತಿದ್ರು, ಅದಕ್ಕೇ ಅಳಿಸಿದೆ" ಅಂದಳು.

ಇವತ್ತು ಅವಳು ಲೆಕ್ಕ ಮಾಡುವಾಗ ಸುಮ್ಮನೆ ಪಕ್ಕದಲ್ಲಿ ಕೂತಿರಿ, ಸಾಕು.

"ನಾನು ಹೇಳಿಕೊಟ್ಟಾಗಲೂ ಹೀಗೇ ಅಳಿಸ್ತೀಯಾ?" ಅಂತ ಅವಳನ್ನ ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ನೀವು ಕೇಳಿ. ಅವಳು ಏನಂದಳು ಅಂತ ನನಗೆ ಮಾತ್ರ ಹೇಳ್ಬೇಡಿ.