ಸ್ವೆಟರಿಗೆ ಇಟ್ಟ ಹೆಸರು

ಮೇ 14, ಸೋಮವಾರ

ಬೋರ್ಡಿನ ಮೇಲೆ ಮತ್ತೆ ಅದೇ ತ್ರಿಕೋನ. ತುದಿಯಲ್ಲಿ ದೇವರು, ಕೆಳಗೆ ಆತ್ಮಗಳು, ಅದರ ಕೆಳಗೆ ಸತ್ತ ಹಿರಿಯರು, ಆಮೇಲೆ ಬದುಕಿರುವವರು, ಎಲ್ಲಕ್ಕಿಂತ ಕೆಳಗೆ ಇನ್ನೂ ಹುಟ್ಟದವರು. ಪ್ರತಿ ವರ್ಷ ಹೈಸ್ಕೂಲಿಗೆ ಹೊಸದಾಗಿ ಬಂದ ಫಾರಂ ಒನ್ ಮಕ್ಕಳಿಗೆ ಬರೆದು ಬರೆದು ಕೈಗೆ ರೂಢಿಯಾಗಿದೆ, ಸ್ಕೇಲ್ ಕೂಡ ಬೇಕಿಲ್ಲ. ಕ್ರೈಸ್ತ ಧರ್ಮ ಶಿಕ್ಷಣದ ಪುಸ್ತಕದಲ್ಲಿ ಬೈಬಲ್ ಪಾಠಗಳ ನಡುವೆ ಈ ಒಂದು ಅಧ್ಯಾಯ — ಆಫ್ರಿಕದ ಸಾಂಪ್ರದಾಯಿಕ ನಂಬಿಕೆಗಳು. ಓದಿದರೆ ಎಲ್ಲೋ ದೂರದವರ ವಿಷಯ ಅನ್ನಿಸಬೇಕು, ಹಾಗೆ ಬರೆದಿದ್ದಾರೆ. ಶನಿವಾರವಷ್ಟೇ ಪಕ್ಕದ ಮನೆಯವರೊಬ್ಬರ ಮಣ್ಣಿಗೆ ಹೋಗಿ ಬಂದೆ. ಅಲ್ಲಿ ಪುಸ್ತಕದ್ದೆಲ್ಲ ನಡೆಯಿತು, ಪಾಸ್ಟರ್ ಪ್ರಾರ್ಥನೆಯೂ ನಡೆಯಿತು. ಯಾರಿಗೂ ಏನೂ ಅನ್ನಿಸಲಿಲ್ಲ.

ಕ್ವಿಂಟಾ ಎದ್ದು ಕೇಳಿದಳು, ಮೇಡಂ, ಇದರಲ್ಲಿ ಯೇಸು ಎಲ್ಲಿ ಬರ್ತಾನೆ? ಹಿಂದಿನಿಂದ ಯಾವಳೋ, ಅವನು ಇವತ್ತು ರಜಾ ಕಣೇ, ಅಂದಳು. ಇಡೀ ಕ್ಲಾಸು ನಕ್ಕಿತು. ಅದು ಬೇರೆ ಅಧ್ಯಾಯ ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಬಚಾವಾದೆ.

ಮೇ 17

ನಾಳೆ ನಾಮಕರಣದ ಪಾಠ. ನಾಟಕ ಆಡಿಸಿ ಎಂದು ಟೀಚರ್ಸ್ ಗೈಡ್ ಹೇಳುತ್ತದೆ. ಮಗು ಅಳುತ್ತಿರುತ್ತದೆ, ಅಜ್ಜಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾಳೆ, ಯಾವ ಹೆಸರಿಗೆ ಅಳು ನಿಲ್ಲುತ್ತದೋ ಅದೇ ಮಗುವಿನ ಹೆಸರು. ಆ ಸತ್ತವರು ಬಂದು ಸೇರಿಕೊಂಡರು ಎಂದು ಲೆಕ್ಕ. ನಮ್ಮ ಲುವೊ ಜನರಲ್ಲಿ ಇದನ್ನು ನೋಡದೆ ಬೆಳೆದವಳು ನಾನೊಬ್ಬಳೇ ಇರಬೇಕು. ನಾನು ಅತ್ತಾಗ ಯಾರೂ ಯಾರನ್ನೂ ಕರೆಯಲಿಲ್ಲ — ಗ್ರೈಪ್ ವಾಟರ್ ಕುಡಿಸಿದರು. ಹೆಸರು ಚರ್ಚಿನ ಕ್ಯಾಲೆಂಡರಿನಿಂದ ಬಂತು. ಪರ್ಪೆಟುವಾ.

ಅಜ್ಜಿಯ ಪಾತ್ರಕ್ಕೆ ಅಕೇಯೊ ಕೈ ಎತ್ತಿದಳು. ಆಶ್ಚರ್ಯ. ಹಿಂದಿನ ಬೆಂಚಿನ ಹುಡುಗಿ, ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ಕೇಳಿದ್ದಿಲ್ಲ. ಪುಸ್ತಕದಲ್ಲಿರುವ ಹೆಸರು ಬೇಡ, ನಿಮ್ಮ ಮನೆಯಲ್ಲಿ ಕೇಳಿದ ಹೆಸರು ಕರಿ, ನಿಜ ಅನ್ನಿಸಲಿ ಎಂದೆ. ಹೌದು, ನಾನೇ ಹೇಳಿದ್ದು.

ಮೇ 18, ಶುಕ್ರವಾರ

ಚೆನ್ನಾಗಾಯಿತು. ಮಗುವಿನ ಬದಲಿಗೆ ಏನೂ ಸಿಗದೆ ನನ್ನ ಬೂದು ಸ್ವೆಟರನ್ನೇ ಸುತ್ತಿ ಕೊಟ್ಟೆ. ಕ್ವಿಂಟಾ ಮೇಜಿನ ಕೆಳಗೆ ಕೂತು ಮಗುವಿನಂತೆ ಅತ್ತಳು, ಪಕ್ಕದ ಕ್ಲಾಸಿನವರು ಇಣುಕಿ ನೋಡುವಷ್ಟು. ಮೂರನೇ ಹೆಸರಿಗೆ ಅವಳು ಅಳು ನಿಲ್ಲಿಸಬೇಕು ಎಂದು ಮಾತಾಗಿತ್ತು. ನಿಲ್ಲಿಸಲಿಲ್ಲ. ಅಕೇಯೊ ಕೂಡ ನನ್ನತ್ತ ನೋಡದೆ ಇನ್ನೊಂದು ಹೆಸರು ಕರೆದಳು — ಅದೋಯೊ. ಮೆಲ್ಲಗೆ. ಕ್ವಿಂಟಾ ಥಟ್ಟನೆ ಸುಮ್ಮನಾದಳು. ಚಪ್ಪಾಳೆ. ಯಾಕೆ ಆಗಲೇ ನಿಲ್ಲಿಸಲಿಲ್ಲ ಎಂದು ಕ್ವಿಂಟಾಳನ್ನು ಕೇಳಿದೆ. ಗೊತ್ತಿಲ್ಲ ಮೇಡಂ, ಅಳು ಇನ್ನೂ ಇತ್ತು ಅಂದಳು.

ಅಕೇಯೊ ಸ್ವೆಟರನ್ನು ವಾಪಸು ಕೊಡುವಾಗ ಒಂದು ಕೈಯನ್ನು ಕಾಲರಿನ ಕೆಳಗೆ ಇಟ್ಟುಕೊಂಡಿದ್ದಳು. ಎಳೆಗೂಸಿನ ಕತ್ತು ಹಿಡಿಯುವ ಹಾಗೆ. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದುಕೊಂಡೆ.

ಮೇ 23

ಅಕೇಯೊ ನಿದ್ದೆ ಮಾಡುತ್ತಿಲ್ಲ ಎಂದು ಹಾಸ್ಟೆಲ್ ಮೇಟ್ರನ್ ಹೇಳಿದರು. ಉಗಾಲಿ ಮುದ್ದೆ ತಟ್ಟೆಯಲ್ಲೇ ಆರುತ್ತದಂತೆ. ಊಟದ ಬಿಡುವಿನಲ್ಲಿ ಕರೆಸಿದೆ.

ಅದೋಯೊ ಯಾರು ಎಂದು ಕೇಳಬೇಕಾಗಿ ಬಂತು.

"ಅಮ್ಮ."

ಹೋದ ವರ್ಷ ಈಸ್ಟರ್ ಹೊತ್ತಿಗೆ ತೀರಿಕೊಂಡಳಂತೆ. ಅವಳ ಹೆಸರನ್ನು ಯಾವ ಮಗುವಿಗೂ ಇನ್ನೂ ಇಟ್ಟಿಲ್ಲ. ನನಗೆ ಗೊತ್ತಿರಲಿಲ್ಲ. ಅಡ್ಮಿಷನ್ ಹೊತ್ತಿನಲ್ಲಿ ನೋಡಬಹುದಿತ್ತು, ಕೇಳಬಹುದಿತ್ತು.

"ಕನಸಲ್ಲಿ ಬರ್ತಾಳೆ ಮೇಡಂ. ಬಯ್ಯಲ್ಲ. ಕರೆದೆಯಲ್ಲ, ಬಂದೆ, ಎಲ್ಲಿ ಮಗು ಅಂತಾಳೆ. ಅವಳಿಗೆ ಕೈಕಾಲಿಲ್ವಂತೆ. ಚಳಿ ಅಂತೆ."

ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಎದೆಯ ಮೇಲಿನ ಗುಂಡಿಗಳನ್ನು ನೋಡುತ್ತಿದ್ದಳು. ಆಗ ಹೊಳೆಯಿತು — ಅದೇ ಸ್ವೆಟರ್ ತೊಟ್ಟಿದ್ದೇನೆ.

ಇದು ದುಃಖ, ಮನಸ್ಸು ಹೀಗೆಲ್ಲ ಮಾಡುತ್ತದೆ ಎಂದೆ. ಕೌನ್ಸೆಲಿಂಗ್ ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಸರಿ ಮೇಡಂ ಅಂದಳು. ಹೋಗುವಾಗ ಬಾಗಿಲಲ್ಲಿ ನಿಂತು, ನೀವು ಅದನ್ನ ಒಗೀಬೇಡಿ, ಅಂದಳು.

ಮನೆಗೆ ಬಂದು ತೆಗೆದು ಎಂದಿನಂತೆ ಕುರ್ಚಿಯ ಮೇಲೆ ಎಸೆಯಲು ಹೋದೆ. ಕೈ ತಡೆಯಿತು. ಮಡಚಿಟ್ಟೆ. ಮೂರ್ಖತನ.

ಮೇ 29

ಹಾಸ್ಟೆಲ್ ತುಂಬ ಸುದ್ದಿ — ಅಕೇಯೊಳ ಸತ್ತ ಅಮ್ಮ ಮೇಡಂ ಸ್ವೆಟರಿನಲ್ಲಿ ಬಂದು ಸೇರಿದ್ದಾಳಂತೆ. ಹುಡುಗಿಯರು ಇಬ್ಬಿಬ್ಬರು ಒಂದೇ ಮಂಚದಲ್ಲಿ ಮಲಗುತ್ತಿದ್ದಾರೆ. ಪ್ರಿನ್ಸಿಪಾಲ್ ಮಿಸೆಸ್ ಒಬುರಾ ನನ್ನನ್ನೂ ಚರ್ಚಿನ ಪಾಸ್ಟರ್ ಹೆಜ್ರನ್ ಅವರನ್ನೂ ಕೂರಿಸಿಕೊಂಡರು. ಶಾಲೆ ಚರ್ಚಿನದು, ಅವರ ಮಾತು ನಡೆಯುತ್ತದೆ.

ಪಾಸ್ಟರ್ ಜೋರು ಮಾಡಲಿಲ್ಲ, ಅದೇ ಕಷ್ಟ. ಭಾನುವಾರ ಆರಾಧನೆ ಮುಗಿದ ಮೇಲೆ ಆ ಸ್ವೆಟರನ್ನು ಸುಡಬೇಕು. ಹುಡುಗಿಯೇ ಬೆಂಕಿಗೆ ಹಾಕಬೇಕು, ಹಾಕಿ, ಆ ಹೆಸರನ್ನು ಬಿಟ್ಟೆ ಎಂದು ಎಲ್ಲರೆದುರು ಹೇಳಬೇಕು. ಇಲ್ಲವಾದರೆ ಆ ಆತ್ಮದಿಂದ ಬಿಡುಗಡೆ ಆಗುವವರೆಗೆ ಮನೆಯಲ್ಲಿರಲಿ ಎಂದರು. ಮನೆಗೆ ಹೋದವಳು ವಾಪಸು ಬರುವುದಿಲ್ಲ, ಅದು ನಮಗೆಲ್ಲ ಗೊತ್ತು. ತಾಯಿಯಿಲ್ಲದ ಹುಡುಗಿ — ತಮ್ಮಂದಿರನ್ನು ನೋಡಿಕೊಳ್ಳಲು ನಿಲ್ಲಿಸಿಬಿಡುತ್ತಾರೆ.

ಅದು ನನ್ನ ಸ್ವೆಟರ್ ಎಂದೆ. ಬೇರೇನೂ ಹೊಳೆಯಲಿಲ್ಲ.

"ಇನ್ನೊಂದು ಕೊಡಿಸ್ತೀವಿ ಮೇಡಂ," ಅಂದರು ಮಿಸೆಸ್ ಒಬುರಾ. "ಧರ್ಮದ ಪಾಠ ಮಾಡೋರು ನೀವೇ ಹೀಗಂದ್ರೆ?"

ಅದು ಬರೀ ಉಣ್ಣೆ ಎಂದು ನಾನು ನಂಬುವುದಾದರೆ ಸುಡಲು ಬಿಡಬಹುದು. ಪಾಸ್ಟರ್ ಹಾಗೆ ನಂಬುವುದಿಲ್ಲ, ಅದಕ್ಕೇ ಸುಡುತ್ತಾರೆ. ಅಕೇಯೊ ಮತ್ತು ಪಾಸ್ಟರ್ ಈ ವಿಷಯದಲ್ಲಿ ಒಂದೇ ಕಡೆ. ನಾನು ಎಲ್ಲಿ? ಆ ತ್ರಿಕೋನದ ಹೊರಗೆ, ಚಾಕ್ ಹಿಡಿದುಕೊಂಡು.

ಆದರೆ ಒಂದು ಹುಡುಗಿಯ ಕೈಯಿಂದ ಅವಳ ತಾಯಿಯನ್ನು…

ಜೂನ್ 1, ಶುಕ್ರವಾರ, ಸಂಜೆ

ರಜೆ. ಸಂತೆಗೆ ಹೋದೆ. ಹಳೇ ಬಟ್ಟೆಗಳ ರಾಶಿಯಲ್ಲಿ ಬೂದು ಬಣ್ಣದ್ದು ಹುಡುಕಿದೆ. ಮಾರುವವಳು ನನ್ನ ಮೈಮೇಲಿದ್ದುದನ್ನು ನೋಡಿ ನಕ್ಕಳು: "ಅಕ್ಕಾ, ಇಂಥದ್ದೇ ಇದೆಯಲ್ಲ ನಿಮ್ಮತ್ರ, ಅವಳಿ-ಜವಳಿ ಸಾಕ್ತೀರಾ?"

ಅಳತೆ ಸರಿ, ಬಣ್ಣ ಸರಿ. ಪಾಸ್ಟರಿಗೆ ಸುಳ್ಳು ಹೇಳಲಿದ್ದೇನೆ. ದೇವರ ಎದುರು, ಹಾಡು ಹಾಡಿಕೊಂಡು.

ಬರೀ ಉಣ್ಣೆಯಾದರೆ ಬೇರೆಯದನ್ನು ಯಾಕೆ ತಂದೆ? ಇದಕ್ಕೆ ಉತ್ತರ ಬರೆಯಲು ಕೂತೆ. ಚಹಾ ಆರಿತು.

ಜೂನ್ 3, ಭಾನುವಾರ

ಅಡುಗೆಮನೆಯ ಹಿಂದೆ. ಸೀಮೆಎಣ್ಣೆ ಸುರಿದ ಸೌದೆ. ಇಡೀ ಶಾಲೆ ಸುತ್ತ ನಿಂತು ಹಾಡುತ್ತಿತ್ತು. ಪಾಸ್ಟರ್ ಸ್ವೆಟರನ್ನು ಅಕೇಯೊ ಕೈಗೆ ಕೊಟ್ಟರು. ಅವಳ ಮುಖ ಬೂದಿ. ಈಗ ಬೀಳುತ್ತಾಳೆ ಎಂದುಕೊಂಡೆ. ಅವಳಿಗೆ ಮೊದಲೇ ಹೇಳದೆ ಎಂಥ ಕೆಲಸ ಮಾಡಿದೆ. ಹೇಳಿದ್ದರೆ ಅವಳೂ ಸುಳ್ಳಿನಲ್ಲಿ ಪಾಲುದಾರಳು. ಹೇಳದಿದ್ದರೆ ಇದು.

ಅವಳ ಹೆಬ್ಬೆರಳು ಗುಂಡಿಗಳ ಮೇಲೆ ಹೋಯಿತು. ಒಂದು, ಇನ್ನೊಂದು. ನಿಂತಿತು. ನನ್ನದರಲ್ಲಿ ನಡುವಿನ ಗುಂಡಿ ಬೇರೆ ಬಣ್ಣದ್ದು, ನಾನೇ ಹೊಲಿದದ್ದು. ನನಗೆ ಅದು ನೆನಪೇ ಇರಲಿಲ್ಲ.

ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಬೆಂಕಿಗೆ ಹಾಕಿದಳು. ಹೇಳಬೇಕಾದ ಮಾತನ್ನು ತಡವರಿಸದೆ ಹೇಳಿದಳು. ಪ್ಲಾಸ್ಟಿಕ್ ಸುಟ್ಟ ವಾಸನೆ — ಉಣ್ಣೆಯೂ ಅಲ್ಲ ಅದು. ಪಾಸ್ಟರ್ ಅವಳ ತಲೆ ಮುಟ್ಟಿ ಕಣ್ಣೊರೆಸಿಕೊಂಡರು. ಒಳ್ಳೆಯ ಮನುಷ್ಯ. ಅದು ಇನ್ನೂ ಚುಚ್ಚುತ್ತಿದೆ.

ಚಹಾದ ಸಾಲಿನಲ್ಲಿ ನನ್ನ ಪಕ್ಕ ಬಂದಳು. ತುಟಿ ಅಲ್ಲಾಡಿದ್ದು ಯಾರಿಗೂ ಕಂಡಿರಲಿಕ್ಕಿಲ್ಲ.

"ಮೇಡಂ, ಅಮ್ಮ ನಿಮ್ಮನೇಲಿ ಇದ್ದಾಳಾ?"

"ಇದ್ದಾಳೆ," ಎಂದೆ.

ಯಾಕೆ ಹಾಗೆಂದೆ? ಸ್ವೆಟರ್ ಇದೆ ಎನ್ನಬಹುದಿತ್ತು.

ಜೂನ್ 16

ಅಕೇಯೊ ಊಟ ಮಾಡುತ್ತಿದ್ದಾಳೆ, ನಿದ್ದೆಯೂ ಮಾಡುತ್ತಾಳಂತೆ. ಹಾಸ್ಟೆಲ್ ಶಾಂತ. ಪಾಸ್ಟರ್ ಚರ್ಚಿನಲ್ಲಿ ಸಾಕ್ಷಿ ಹೇಳುವಾಗ ನಮ್ಮ ಶಾಲೆಯ ಹೆಸರು ಹೇಳುತ್ತಾರೆ.

ನಿದ್ದೆ ಹೋದದ್ದು ನನ್ನದು. ಸ್ವೆಟರ್ ಎಲ್ಲಿಡುವುದು? ಪೆಟ್ಟಿಗೆಯಲ್ಲಿ ಹಾಕಿದೆ, ಉಸಿರು ಕಟ್ಟೀತು ಅನ್ನಿಸಿ ತೆಗೆದೆ. ಇಷ್ಟು ಓದಿದವಳು. ಈಗ ಮಂಚದ ಗೋಡೆ ಬದಿಯಲ್ಲಿದೆ. ನನ್ನ ಗಂಡ ಎಲಿಷಾ ಕಿಸುಮುವಿನಿಂದ ಬಂದವರು ಇವತ್ತು ಅದನ್ನೆತ್ತಿ ಬೈಕ್ ಸೀಟು ಒರೆಸಲು ಹೋದರು. ಕಿರುಚಿಬಿಟ್ಟೆ. ಅವರು ಇಷ್ಟು ವರ್ಷಗಳಲ್ಲಿ ನಾನು ಕಿರುಚಿದ್ದು ಕೇಳಿದವರಲ್ಲ.

"ಒಂದು ಸ್ವೆಟರಿಗೆ ಇಷ್ಟಾ? ಯಾರು ಕೊಟ್ಟಿದ್ದು ಅದು?"

ಹೇಳಲಿಲ್ಲ. ಅವರು ಚರ್ಚಿನ ಹಿರಿಯರು. ಈಗ ಅವರಿಗೆ ಬೇರೇನೋ ಅನುಮಾನ. ಇರಲಿ, ಅದೇ ವಾಸಿ.

ಜೂನ್ 22

ಹಾಫ್ ಟರ್ಮ್ ರಜೆ. ಅಕೇಯೊ ಜೊತೆ ಅವಳ ಊರಿಗೆ ಹೋದೆ, ಸ್ವೆಟರ್ ಚೀಲದಲ್ಲಿ. ಮಟಾಟು ವ್ಯಾನಿನಲ್ಲಿ ಕಂಡಕ್ಟರ್ ಚೀಲ ಮೇಲೆ ಎಸೀತೀನಿ ಕೊಡಿ ಅಂದ. ಇಬ್ಬರೂ ಒಟ್ಟಿಗೆ ಬೇಡ ಅಂದೆವು.

ಅವಳ ತಂದೆಯ ತಾಯಿ ಅಂಗಳದಲ್ಲಿ ಒಮೆನಾ ಮೀನು ಒಣಹಾಕುತ್ತಿದ್ದರು. ಯಾವೂರ ಮಗಳು ಎಂದು ಕೇಳಿದರು. ಉಗೆನ್ಯಾ ಎಂದೆ. ಆಮೇಲೆ ಅದೇ ನನ್ನ ಹೆಸರಾಯಿತು. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಮೀನು ತಿರುವುತ್ತಲೇ ಇದ್ದರು.

ಅದು ಬರೀ ಆಟವಾಗಿತ್ತು ಅಜ್ಜಿ ಎಂದೆ.

"ಆಟ ಅಂತ ಅವಳಿಗೆ ಯಾರು ಹೇಳಿದ್ರಮ್ಮ? ಮಗಳು ಕರೆದಳು, ಬಂದಳು. ನಾನಾಗಿದ್ರೂ ಬರ್ತಿದ್ದೆ."

ಕಿರಿಯ ಮಗನ ಹೆಂಡತಿಗೆ ದಿನ ತುಂಬುತ್ತಿದೆ. ನೀರಿನ ಕೊಡ ಇಳಿಸಿ ಸೊಂಟ ಹಿಡಿದು ನಿಂತಿದ್ದಳು. ಅಜ್ಜಿ ಅವಳತ್ತ ಗಲ್ಲ ತೋರಿಸಿದರು. ಹುಟ್ಟಲಿ, ಹೆಸರಿಡಲು ಮಗುವನ್ನು ಹೊರಗೆ ತರುವ ದಿನ ಹೇಳಿ ಕಳಿಸುತ್ತೇನೆ ಎಂದರು. ಸ್ವೆಟರ್ ಇಲ್ಲೇ ಬಿಟ್ಟು ಹೋಗಲೇ ಎಂದು ಕೇಳಿದೆ. ಕೇಳುವಾಗ ದನಿಯಲ್ಲಿ ಆಸೆ ಇತ್ತು, ನನಗೇ ಕೇಳಿಸಿತು.

"ಊಹೂಂ. ಕರಿ ಅಂದವಳು ನೀನು. ನೀನೇ ತಂದು ಒಪ್ಪಿಸಬೇಕು, ಉಗೆನ್ಯಾದ ಮಗಳೇ."

ಆ ಹೆಸರಿಗೆ ಮಗು ಅಳು ನಿಲ್ಲಿಸದಿದ್ದರೆ ಎಂದು ಕೇಳಿದೆ.

ಅಕೇಯೊ ತಲೆ ತಗ್ಗಿಸಿದಳು. ಅಜ್ಜಿ ಒಂದು ಸಾಲು ಮೀನು ತಿರುವಿ ಮುಗಿಸಿದರು. ಆಮೇಲೆ, ನಿಲ್ಲಿಸದಿದ್ರೆ ಅವಳಿಗೆ ಈ ಮನೆ ಬೇಡ ಅಂತ, ಅಂದರು. ಅಷ್ಟೇ. ಹುಡುಗಿ ಎದ್ದು ಹಿತ್ತಿಲಿಗೆ ಹೋದಳು.

ಜುಲೈ 11

ಪೇಪರ್ ತಿದ್ದುತ್ತಿದ್ದೇನೆ. ಸತ್ತವರ ಹೆಸರನ್ನು ಮಕ್ಕಳಿಗೆ ಇಡಲು ನಾಲ್ಕು ಕಾರಣ ಕೊಡಿ. ಅಕೇಯೊ ಮೂರು ಕಾರಣ ಪುಸ್ತಕದಲ್ಲಿದ್ದಂತೆಯೇ ಬರೆದಿದ್ದಾಳೆ. ನಾಲ್ಕನೆಯದು: ಅವರಿಗೆ ಚಳಿಯಾಗುತ್ತದೆ. ಮಾರ್ಕಿಂಗ್ ಸ್ಕೀಂನಲ್ಲಿ ಇಲ್ಲ. ಅಂಕ ಕೊಟ್ಟೆ. ಹೊಡೆದುಹಾಕಿದೆ. ಮತ್ತೆ ಕೊಟ್ಟೆ.

ಜುಲೈ 22, ಭಾನುವಾರ, ಮಟಾಟು ಸ್ಟ್ಯಾಂಡ್

ಇವತ್ತು ಚರ್ಚಿನಲ್ಲಿ ವಾಕ್ಯ ಓದುವ ಸರದಿ ನನ್ನದಿತ್ತು. ಹೋಗಲಿಲ್ಲ, ಹೇಳಲೂ ಇಲ್ಲ. ಅಕೇಯೊ ರಜಾ ಚೀಟಿಗೆ ನಾನೇ ಸಹಿ ಮಾಡಿದೆ — ಮನೆಯಲ್ಲಿ ಸಮಾರಂಭ. ಅದಂತೂ ಸುಳ್ಳಲ್ಲ.

ಹೆಣ್ಣು ಮಗು. ನಾವು ಅಂಗಳ ದಾಟುವಾಗಲೇ ಅಳು ಕೇಳುತ್ತಿತ್ತು. ತಾಯಿ ಹಾಲೂಡಿಸಿ ನೋಡಿದ್ದಳು, ಯಾವುದಕ್ಕೂ ಬಗ್ಗಿಲ್ಲ. ಅಜ್ಜಿ ಬಾಗಿಲ ಬಳಿ ಕೂತು ಸ್ವೆಟರ್ ಇಸಿದುಕೊಂಡು ಮಗುವಿಗೆ ಸುತ್ತಿದರು. ಬೇರೆ ಬಣ್ಣದ ಆ ಗುಂಡಿ ಗಲ್ಲದ ಕೆಳಗೆ ಬಂತು. ಮೊದಲು ಹಿರಿಯರನ್ನು ಕರೆದರು, ಮರ್ಯಾದೆಗೆ, ಒಬ್ಬೊಬ್ಬರನ್ನೇ. ಮಗು ಇನ್ನೂ ಜೋರಾಗಿ ಅತ್ತಿತು. ಅಕೇಯೊ ನನ್ನ ಮಣಿಕಟ್ಟು ಹಿಡಿದಿದ್ದಳು, ಉಗುರು ನಾಟಿತ್ತು.

"ಈಗ ನೀನು," ಅಂದರು ಅಜ್ಜಿ.

ಅದೋಯೊ, ಎಂದೆ. ಮಗು ಅಳುತ್ತಲೇ ಇತ್ತು. ಇನ್ನೊಮ್ಮೆ ಕರೆದೆ. ಇಲ್ಲ. ಅಕೇಯೊ ಕೈ ಸಡಿಲವಾಯಿತು. ಆ ಮುಖ ನೋಡಲಾರದೆ ನೆಲ ನೋಡಿದೆ. ಒಂದು ಪಾಠಕ್ಕಾಗಿ ತಾಯಿಯನ್ನು ಕರೆಸಿ ಈಗ ಎರಡನೇ ಸಲ ಕಳೆದುಕೊಳ್ಳುವಂತೆ ಮಾಡಿದೆ.

"ಹಾಜರಿ ಕೂಗ್ತಾ ಇದೀಯೇನೇ? ಅವಳು ನಿನ್ನ ಕ್ಲಾಸಲ್ಲಿ ಕೂತಿಲ್ಲ. ಮನೆಗೆ ಕರೀತಾ ಇದೀಯ. ಕರಿ."

ಅಕೇಯೊ ಕೈಯನ್ನು ನಾನೇ ಹಿಡಿದುಕೊಂಡೆ. ಕತ್ತಲಾದರೂ ಆಡುತ್ತಿದ್ದ ನನ್ನನ್ನು ನಮ್ಮಮ್ಮ ಬೇಲಿ ಹತ್ತಿರ ನಿಂತು ಹೇಗೆ ಕರೆಯುತ್ತಿದ್ದಳೋ ಹಾಗೆ ಕರೆದೆ. ಅಂಥ ದನಿ ನನ್ನಲ್ಲಿದೆ ಎಂದು ತಿಳಿದಿರಲಿಲ್ಲ. ನನ್ನ ಜೊತೆ ಅಕೇಯೊ ಕೂಡ ಕರೆದಳು.

ಮಗು ಉಸಿರೆಳೆದುಕೊಂಡಿತು. ಎಲ್ಲರೂ ಕಾದೆವು. ಮತ್ತೆ ಅಳಲಿಲ್ಲ.

ಬಿಸಿಗೋ, ಸುಸ್ತಿಗೋ, ದನಿ ಬದಲಾದದ್ದಕ್ಕೋ — ನಾನು ಕಾರಣ ಹುಡುಕುತ್ತಿದ್ದೆ. ಅಕೇಯೊ ಆಗಲೇ ಬಗ್ಗಿ ಮಗುವಿನ ಕಿವಿಗೆ ಹೇಳುತ್ತಿದ್ದಳು, ಈಗ ಬೆಚ್ಚಗಿದೆಯಾ ಅಂತ.

ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದೆ. ಗೇಟಿನಿಂದ ಓಡಿಕೊಂಡು ಹೋದಳು, ಚಿಕ್ಕ ಹುಡುಗಿಯ ಹಾಗೆ. ಇಲ್ಲಿ ಗಾಳಿ ಜೋರು. ಮೈಮೇಲೆ ಸ್ವೆಟರ್ ಇಲ್ಲ. ಫೋನಿನಲ್ಲಿ ಪಾಸ್ಟರ್ ಮೆಸೇಜ್: ಮೇಡಂ, ವಾಕ್ಯ ಓದಲು ನೀವು ಬರಲಿಲ್ಲ, ಆರೋಗ್ಯವೇ? ನಿಮಗಾಗಿ ಪ್ರಾರ್ಥಿಸಿದೆವು.

ಜ್ವರ ಎಂದು ಬರೆದೆ. ಅಳಿಸಿದೆ. ಒಂದು ಮಗುವಿನ ನಾಮಕರಣಕ್ಕೆ ಹೋಗಿದ್ದೆ ಎಂದು ಬರೆದೆ. ಕಳಿಸಿದೆ. ದೇವರಿಗೆ ಸ್ತೋತ್ರ, ಏನು ಹೆಸರಿಟ್ಟಿರಿ, ಎಂದು ತಕ್ಷಣ ಬಂತು.

ವ್ಯಾನ್ ಬರುತ್ತಿದೆ. ಬರೆಯುತ್ತಿದ್ದೇನೆ: ಪಾಸ್ಟರ್, ಅವತ್ತು ಅಡುಗೆಮನೆಯ ಹಿಂದೆ ನೀವು ಸುಟ್ಟದ್ದು