ಪೆಟ್ಟಿಗೆಯಿಂದ ವಾಪಸ್ ತೆಗೆದ ಚೀಟಿ

ಜೂನ್ 2, ಸೋಮವಾರ, ಬೆಳಿಗ್ಗೆ 7.00

ತಂಗಿ ಬಚ್ಚಲಲ್ಲಿ. ಹಾಡುತ್ತಿದ್ದಾಳೆ. ಹಾಡಲೇಬೇಕು, ಅದು ಮನೆಯ ಕಾನೂನು. ಬಾಗಿಲಿಗೆ ಒಳಚಿಲಕ ಇಲ್ಲ — ಹದಿನಾರಕ್ಕೆ ಅವಳಿಗೆ ಮೂರ್ಛೆ ಶುರುವಾದಾಗ ನಾನೇ ಕಿತ್ತು ಹಾಕಿದ್ದು. ಹಾಡು ನಿಂತರೆ ಬಾಗಿಲು ಬಡಿಯುತ್ತೇನೆ. ಈಗ ಇಪ್ಪತ್ತೇಳು. ಕೊನೆಯ ಸಲ ಬಿದ್ದು ಎರಡು ವರ್ಷವಾಯಿತು. ಇವತ್ತು ಹಾಡು ನಡುವೆ ನಿಂತಿತು. ಬಡಿದೆ. "ಸೋಪು ಬಾಯಿಗೆ ಹೋಯ್ತು ಅಣ್ಣಾ, ಬದುಕಿದ್ದೀನಿ!" ಕೊಂಕಿಗೇನೂ ಕಡಿಮೆ ಇಲ್ಲ.

ಅದೇ ದಿನ, ಸಂಜೆ

ಅವಳಿಗೆ ಕೆಲಸ ಸಿಕ್ಕಿದೆ. ಕಾಲೇಜಿನ ಲೈಬ್ರರಿ. ಬಸ್ಸಿನಲ್ಲಿ ಐದು ಗಂಟೆ ದಾರಿ, ಹಾಸ್ಟೆಲ್ ವಾಸ. ನನಗೆ ಹೇಳದೆ ಅರ್ಜಿ ಹಾಕಿದ್ದಾಳೆ. ಜುಲೈ ಒಂದಕ್ಕೆ ಸೇರಬೇಕಂತೆ.

"ನೀನು ಬೇಡ ಅಂದ್ರೆ ಹೋಗಲ್ಲ" ಅಂದಳು. ಬೇಡ ಅನ್ನಲು ಬಾಯಿ ತೆರೆದೆ. ಮುಖ ನೋಡಿದೆ. "ನೋಡೋಣ" ಅಂದೆ. ಅಪ್ಪ ಅಮ್ಮ ಇದ್ದಿದ್ದರೆ ಈ ಪೀಕಲಾಟ ಅವರ ಪಾಲಿಗೆ ಹೋಗುತ್ತಿತ್ತು.

ಜೂನ್ 8, ಭಾನುವಾರ

ಪಾಸ್ಟರು ಇವತ್ತು ಹೇಳಿದ್ದು: ತನ್ನದೆಂದು ಹಿಡಿದಿರುವುದನ್ನು ದೇವರಿಗೆ ಒಪ್ಪಿಸಿದವನಿಗೇ ಬಿಡುಗಡೆ. ಚರ್ಚಿನ ಬಾಗಿಲ ಪಕ್ಕ ಮರದ ಪೆಟ್ಟಿಗೆ ಇದೆ. ಬಿಡಲಾಗದ್ದನ್ನು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕುವುದು. ತಿಂಗಳ ಕೊನೆಯ ಭಾನುವಾರ ಪಾಸ್ಟರು ಓದದೆ ಸುಡುತ್ತಾರೆ. ಇಷ್ಟು ವರ್ಷ ಅದರ ಧೂಳು ಒರೆಸಿದ್ದೇ ಬಂತು, ಇವತ್ತು ಬರೆದೆ. 'ಕರ್ತನೇ, ತಂಗಿಯನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ.' ಎದೆ ಹಗುರಾಯಿತು. ಗೇಟಿನ ತನಕ.

ಜೂನ್ 11, ಬುಧವಾರ

ಬುಧವಾರ ಚರ್ಚು ಗುಡಿಸುವವನು ನಾನು. ಬೀಗದ ಕೈಗಳೆಲ್ಲ ನನ್ನ ಹತ್ತಿರ, ಪೆಟ್ಟಿಗೆಯದೂ. ಚೀಟಿ ತೆಗೆದೆ… ಒಂದು ಷರತ್ತೂ ಇಲ್ಲದೆ ಬರೆದುಬಿಟ್ಟಿದ್ದೆ. 'ಆದರೆ ಮೂರ್ಛೆ ಬಾರದಿರಲಿ' ಅಂತ ಸೇರಿಸಿ ಮತ್ತೆ ಹಾಕಿದೆ.

ಜೂನ್ 18, ಬುಧವಾರ

'ಹಾಸ್ಟೆಲಿನಲ್ಲಿ ಕೆಳಗಿನ ಮಂಚ ಸಿಗಲಿ.' ಅದರ ಕೆಳಗೆ, 'ಆಗುವುದಾದರೆ ಕೆಲಸವೇ ಕೈತಪ್ಪಲಿ.' ನಾಚಿಕೆಯಾಯಿತು. ಹೊಡೆದು ಹಾಕಿದೆ. ಮತ್ತೆ ಬರೆದೆ. ಚೀಟಿಯಲ್ಲಿ ಜಾಗವೇ ಉಳಿದಿಲ್ಲ.

ನಾನು ಹಲ್ಲಿನ ಸೆಟ್ ಮಾಡುವ ಕ್ಲಿನಿಕ್ಕಿನಲ್ಲೂ ಇದೇ ಹಾಡು. ಒಬ್ಬ ಟೀಚರಮ್ಮನಿಗೆ ಮಾಡಿದ ಸೆಟ್ ಸರಿಯಾಗಿಯೇ ಕೂತಿತ್ತು. ಇನ್ನೊಂದು ಚೂರು ಉಜ್ಜಿದೆ. ಸಡಿಲವಾಯಿತು. ಮೊದಲಿಂದ ಅಚ್ಚು ತೆಗೆಯಬೇಕು. "ನಿಮ್ಮ ಕೈ ಕಟ್ಟಿ ಹಾಕ್ಬೇಕು ಕಣ್ರೀ" ಅಂದರು ಡಾಕ್ಟರು.

ಜೂನ್ 25, ಬುಧವಾರ

ಸಿಕ್ಕಿಬಿದ್ದೆ. ಕೈ ಪೆಟ್ಟಿಗೆಯೊಳಗೆ, ಹಿಂದೆ ಪಾಸ್ಟರು.

"ಕಳ್ಳತನ ಏನ್ರೀ?"

"ನನ್ನದೇ ಚೀಟಿ ಪಾಸ್ಟರೇ, ತಂಗಿ ವಿಷಯ. ಸ್ವಲ್ಪ ತಿದ್ದೋಣ ಅಂತ."

"ಎಷ್ಟನೇ ಸಲ?"

"ಮೂರನೇದು."

ಬೈಯುತ್ತಾರೆ ಅಂದುಕೊಂಡೆ. ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೆಲ್ಲಗೆ, "ತಂಗೀನ ಹಾಕಿದ್ದೀರಿ ಸರಿ. ನಿಮ್ಮನ್ನ ಹಾಕ್ಕೊಂಡಿಲ್ವಲ್ಲ" ಅಂದರು.

ಹಾಗೆಂದರೆ? ಇಷ್ಟಗಲದ ಸೀಳಿನಲ್ಲಿ ಈ ಹೊಟ್ಟೆ ಹೊತ್ತು ನಾನೆಲ್ಲಿ ಹೋಗಲಿ? ನಗಬೇಕೆನಿಸಿತು, ಆಗಲಿಲ್ಲ. ತಲೆ ಕಲಸುಮೇಲೋಗರ.

ಜೂನ್ 30, ಸೋಮವಾರ

ಚೀಟಿಗಳು ನಿನ್ನೆ ಸುಟ್ಟುಹೋದವು. ಇವತ್ತು ಬೇಡ ಅನ್ನಲಾಗದೆ ತಂಗಿಯನ್ನು ಬಸ್ ಹತ್ತಿಸಿದೆ. "ಹೊತ್ತಿಗೆ ಸರಿಯಾಗಿ ಊಟ ಮಾಡು ಅಣ್ಣಾ" ಅಂದಳು ಕಿಟಕಿಯಿಂದ. ಅದು ನಾನು ಹೇಳಬೇಕಾದ ಮಾತು. ಮನೆಗೆ ಬಂದು ಅತ್ತುಬಿಟ್ಟೆ.

ಜುಲೈ 19, ಶನಿವಾರ, ಬೆಳಿಗ್ಗೆ 8.30

ಅವಳ ಫೋನ್. ನಿನ್ನೆ ಲೈಬ್ರರಿಯಲ್ಲಿ ಬಿದ್ದಳಂತೆ. ಕಪಾಟಿನ ಮೂಲೆ ತಗಲಿ ಹುಬ್ಬಿಗೆ ಮೂರು ಹೊಲಿಗೆ. ಜೊತೆ ಕೆಲಸದವಳು ಆಸ್ಪತ್ರೆಗೆ ಕರೆದೊಯ್ದಳಂತೆ.

"ಈಗಲೇ ಹೊರಟೆ" ಅಂದೆ.

"ಬರಬೇಡ ಅಣ್ಣಾ. ನೀನು ಬಂದ್ರೆ ಮನೆಗೆ ನಡಿ ಅಂತೀಯ. ನಾನೂ ಬಂದುಬಿಡ್ತೀನಿ. ಅದಕ್ಕೇ ಬರಬೇಡ."

9.00

ಶೂ ಹಾಕಿಕೊಂಡು ಕೂತಿದ್ದೇನೆ. ತೊಡೆಯ ಮೇಲೆ ಬ್ಯಾಗು. 9.15ಕ್ಕೆ ಬಸ್. ದೇವರ ಮೇಲೆ ಕೆಂಡದಂಥ ಕೋಪ. ಒಪ್ಪಿಸಿದ್ದೆನಲ್ಲ, ಬೀಳಿಸಿಬಿಟ್ಟೆಯಲ್ಲ! ಆದರೆ ನಾನು ಕಾವಲಿದ್ದಾಗಲೂ ಬಿದ್ದಿದ್ದಳು — ಕಣ್ಣೆದುರೇ, ಎಷ್ಟೋ ಸಲ. ಹಾಗಾದರೆ ಇಷ್ಟು ವರ್ಷ ನಾನು ಹಿಡಿದುಕೊಂಡಿದ್ದಾದರೂ ಏನನ್ನು?

9.10

ಮೊಣಕಾಲೂರಿದೆ. ಅವಳಿಗಾಗಿ ಬೇಡೋಣ ಅಂತಲೇ. ಬಾಯಿಗೆ ಬಂದದ್ದು, 'ನನ್ನನ್ನು ತಗೋ.' ಷರತ್ತು ಹುಡುಕಿದೆ. ಒಂದೂ ಹೊಳೆಯಲಿಲ್ಲ.

9.20

ಬಸ್ ಹೋಯಿತು. ತಿರುವಿನಲ್ಲಿ ಹಾರ್ನ್ ಕೇಳಿಸಿತು. ಹೆದರಿಕೆ ಹಾಗೇ ಇದೆ. ಆದರೆ ಕತ್ತಿನ ಮೇಲೆ ಕೂತಿದ್ದ ಯಾರೋ ಇಳಿದುಹೋದ ಹಾಗೆ… ಇದೇನಾ ಬಿಡುಗಡೆ? ಹೆದರಿಕೆಯ ಜೊತೆಗೂ ಇರುತ್ತದಾ ಅದು? ಪಾಸ್ಟರನ್ನು ಕೇಳಬೇಕು. ಅವರಿಗಾದರೂ ಗೊತ್ತೋ ಇಲ್ಲವೋ.

ಅವಳಿಗೆ ಫೋನ್ ಮಾಡಿದೆ. ಹೊಲಿಗೆ ನೋಯುತ್ತಾ ಅಂದೆ.

"ನೋಯುತ್ತೆ. ಬಸ್ಸಲ್ಲಿದ್ದೀಯ ತಾನೇ?"

"ಮನೇಲಿದ್ದೀನಿ."

"ನಿಜವಾಗ್ಲೂ?" ಚಿಕ್ಕವಳಿದ್ದಾಗಿನ ದನಿ. ಹೂಂ ಅಂದೆ. ಮಲಗ್ತೀನಿ ಅಂತ ಇಟ್ಟಳು.

ಹೊರಡುವುದಿಲ್ಲವಲ್ಲ, ಶೂ ಬಿಚ್ಚಬೇಕು. ಒಂದು ಬಿಚ್ಚಿದೆ. ಇನ್ನೊಂದು ಇನ್ನೂ ಕಾಲಲ್ಲೇ ಇದೆ.