ಬೋಲ್ಟಿನಡಿಯ ಹಸಿರು ಬಣ್ಣ

ಮಾರ್ಚ್ ೧೪, ಗುರುವಾರ

ಟ್ರೇಲರಿನ ಹಿಂಬದಿಯ ಆ ಕೆಂಪು ದೀಪ ಇಂದು ಉರಿಯಿತು. ಮೂರು ವರ್ಷದಿಂದ ಶೆಡ್ಡಿನಲ್ಲಿದ್ದ ಟ್ರೇಲರ್‌ಗೆ ಸೊಸೆ ಹೊಸ ವೈರ್ ಎಳೆದಳು. ದೀಪದ ಅರ್ತ್ ವೈರನ್ನು ಗಾಡಿಯ ಕಬ್ಬಿಣಕ್ಕೆ ಬಿಗಿದ ಬೋಲ್ಟ್ ಬಿಚ್ಚಿದವಳೇ ನನ್ನನ್ನು ಕರೆದಳು.

"ಅತ್ತೆ, ಇಲ್ನೋಡಿ, ಬೋಲ್ಟಿನ ಕೆಳಗೂ ಪೇಂಟು! ವೈರು ಪೇಂಟಿಲ್ಲದ ಕಬ್ಬಿಣ ಮುಟ್ಟದೆ ಲೈಟ್ ಹೇಗೆ ಉರಿಯುತ್ತೆ? ಯಾವ ಪುಣ್ಯಾತ್ಮ ಬಳಿದನೋ!"

"ಕೆಲಸ ನೋಡು, ಮಾತು ಸಾಕು," ಎಂದೆ.

ಮೂರು ವರ್ಷದ ಹಿಂದೆ ಬಳಿದವಳು ನಾನು. ನಮ್ಮ ಮನೆಯ ಗಾಡಿ ತುಕ್ಕು ಹಿಡಿದು ಓಡಾಡಬಾರದೆಂದು ಬೋಲ್ಟುಗಳನ್ನೆಲ್ಲ ಬಿಚ್ಚಿ, ಎರಡು ಕೋಟ್ ಹಸಿರು ಬಳಿದು, ಮತ್ತೆ ಬಿಗಿದಿದ್ದೆ. ಅದೇ ವಾರ ನಮ್ಮ ಯಜಮಾನರು ಕತ್ತಲಲ್ಲಿ ರಸ್ತೆ ಬದಿ ಟ್ರೇಲರ್ ನಿಲ್ಲಿಸಿ, ಸಡಿಲವಾದ ಹಗ್ಗ ಬಿಗಿಯಲು ಅದರ ಹಿಂದೆ ನಿಂತಿದ್ದರು. ಹಿಂದಿನಿಂದ ಬಂದು ಅವರ ಜೀವ ತೆಗೆದ ಲಾರಿಯವನಿಗೆ ಏನೂ ಕಾಣಲಿಲ್ಲವಂತೆ.

ದೀಪ ಉರಿಯುತ್ತದೆಯೇ ಎಂದು ನೋಡದೆ ಹೊರಟಿದ್ದು ಅವರದೇ ತಪ್ಪು ಎಂದು ಬಂದವರೆದುರೆಲ್ಲ ಹೇಳಿದ್ದೇನೆ. ಮಗನ ಎದುರೂ ಹೇಳಿದ್ದೇನೆ. ಅವನು ಅದನ್ನು ನಂಬಿದ್ದಾನೆ.

ಸೊಸೆ ಆ ಜಾಗವನ್ನು ಹೊಳೆಯುವವರೆಗೆ ಉಜ್ಜಿದಳು. ಜೀಪಿಗೆ ಟ್ರೇಲರ್ ಕಟ್ಟಿ, ದೀಪ ಹಚ್ಚಿ ತೋರಿಸಿದವಳು ಆರಿಸಲು ಮರೆತು ಮಲಗಿದ್ದಾಳೆ. ನನ್ನ ಕಿಟಕಿಯ ಗಾಜೆಲ್ಲ ಕೆಂಪಾಗಿದೆ. ಆರಿಸಲೆಂದು ಎರಡು ಸಲ ಅಂಗಳದವರೆಗೆ ಹೋದೆ. ಆ ಬೆಳಕಿನಲ್ಲಿ ಯಾರೋ ಬೆನ್ನು ಬಾಗಿಸಿ ಹಗ್ಗ ಬಿಗಿಯುತ್ತಿರುವಂತೆ ಕಂಡು ಹಿಂದಿರುಗಿದೆ.

ಬ್ಯಾಟರಿ ಇಳಿದರೆ ಇಳಿಯಲಿ. ನಾನು ಒಂದು ಸಲ ಆರಿಸಿದ್ದು ಸಾಕು.